ಹೊರಗಿನವರ ಕೊಲೆ

“ನಿಮ್ಮಪ್ಪನ ಮನೆ ಗೋಡೆ ಅಂದ್ಕೊಂಡಿದ್ದೀಯೇನೇ ಮೂದೇವಿ? ಕೊಲೆ ಅಂತ ಬರಿಯೇ ಅಂದ್ರೆ ಕೊಳೆ ಅಂತ ಬರೆದಂಗಿದೆ! ಆ ‘ಲೆ’ ದಪ್ಪ ಮಾಡು. ನೋಡಿದ್ರೆ ಜನ ಬೆಚ್ಚಿಬೀಳ್ಬೇಕು!”

ಮೇಸ್ತ್ರಿ ಕೆಳಗೆ ನಿಂತು ಅರಚುತ್ತಿದ್ದ. ಏಣಿಯ ತುದಿಯಲ್ಲಿ ನಿಂತು ಹಲಗೆ ಬರೆಯುತ್ತಿದ್ದ ಅಕ್ಷರದಕ್ಕ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ ‘ಲೆ’ಯನ್ನು ಕೊಬ್ಬಿಸಿದಳು. ಏಣಿ ಹಿಡಿದಿದ್ದವನು ನಾನು. ನನ್ನ ಬೋಳುನೆತ್ತಿಯ ಮೇಲೆ ಕೆಂಪು ಬಣ್ಣದ ಹನಿಯೊಂದು ಟಪ್ಪೆಂದು ಬಿತ್ತು.

“ಅಯ್ಯಯ್ಯೋ, ಮೊದಲ್ನೇ ಹೆಣ ನಂದೇ!” ಅಂದೆ.

ಕಂಬ ಹೊತ್ತಿದ್ದವರೆಲ್ಲ ಕಿಸಕ್ಕನೆ ನಕ್ಕರು.

“ನಗ್ತೀರೇನ್ರೋ ಬೋಳಿಮಕ್ಳಾ! ಲೇ ಇವಳೇ, ಬಣ್ಣ ಒಣಗೋವರೆಗೂ ಏಣಿಯಿಂದ ಇಳೀಬೇಡ. ಊದ್ತಾ ನಿಂತಿರು. ಒಂದು ಕಣ ಧೂಳು ಕೂತ್ರೂ ನಿನ್ನ ಕಾಲು ಮುರೀತೀನಿ.”

ನಾವು ವೇದಿಕೆ ಕಟ್ಟುವವರು. ಕಂಬ ನೆಡುವುದು, ಹಲಗೆ ಹಾಸುವುದು, ಕುರ್ಚಿ ಜೋಡಿಸುವುದು, ಮಾತು ಮುಗಿದ ಮೇಲೆ ಎಲ್ಲ ಕಿತ್ತು ಲಾರಿಗೆ ತುಂಬುವುದು. ಮದುವೆಗೂ ಕಟ್ಟಿದ್ದೇವೆ, ಭಾಷಣಕ್ಕೂ ಕಟ್ಟಿದ್ದೇವೆ. ಅವತ್ತು ಕಟ್ಟುತ್ತಿದ್ದದ್ದು ನಮ್ಮನ್ನೇ ಓಡಿಸುವ ಸಭೆಗೆ. ನಾವು ಹೊರಗಿನವರು. ಹೊರಗಿನವರಿಂದ ಕೊಲೆ ಹೆಚ್ಚಾಗಿದೆ, ಆದ್ದರಿಂದ ಮನೆಗೊಂದು ಬಂದೂಕು ಕೊಡಬೇಕು, ರೈಲುಹಳಿಯ ಪಕ್ಕದ ಶೆಡ್ಡುಗಳನ್ನು ಕಿತ್ತುಹಾಕಬೇಕು ಅಂತ ಸಂಜೆ ನಿರ್ಣಯ ಆಗುವುದಿತ್ತು. ಆ ಶೆಡ್ಡುಗಳಲ್ಲಿ ಇರುವವರು ನಾವೇ. ನಮ್ಮ ಕುತ್ತಿಗೆಗೆ ನಾವೇ ಹಗ್ಗ ಹೊಸೆಯುವುದು ಸಾಲದು ಅಂತ, ಹಗ್ಗ ಗಟ್ಟಿಯಿಲ್ಲ ಅಂತ ಬೈಗುಳ ಬೇರೆ.

ಹಲಗೆ ಎರಡಾಳೆತ್ತರ ಇತ್ತು. ಮೇಲೆ ದಪ್ಪಕ್ಷರದಲ್ಲಿ ‘ಹೊರಗಿನವರ ಕೊಲೆ’. ಕೆಳಗೆ ‘ಮೇಲ್ಸೀಮೆ ೨’, ಅದರ ಕೆಳಗೆ ‘ಕೆಳಸೀಮೆ ೪’, ಕೊನೆಗೆ ‘ನಮ್ಮ ಸೀಮೆ’. ಅದರ ಮುಂದೆ ಮಾತ್ರ ಖಾಲಿ ಬಿಡಬೇಕೆಂದು ಹೇಳಿದ್ದರು. ಅಲ್ಲಿ ಬರುವ ಅಂಕಿ ಒಂಬತ್ತು ಅಂತ ಊರಿಗೆಲ್ಲ ಗೊತ್ತಿತ್ತು.

ಮಧ್ಯಾಹ್ನ ವೇದಿಕೆಯ ಅಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು.

“ಒಂಬತ್ತು ಕೊಲೆ ನಾವು ಯಾವಾಗ ಮಾಡಿದ್ವಪ್ಪಾ?” ಅಂದೆ ನಾನು. “ಹೊತ್ತು ಮೂಡಿದ್ರೆ ಕಂಬ ನೆಡೋದು, ಮುಳುಗಿದ್ರೆ ಕಂಬ ಕೀಳೋದು. ನಂಗೆ ತಿಗಣೆ ಕೊಲ್ಲೋಕೂ ಪುರುಸೊತ್ತಿಲ್ಲ.”

ದೊಣ್ಣೆಮಾವ ಬಾಯಲ್ಲಿದ್ದದ್ದನ್ನು ನುಂಗಿದ. ಮೇಲ್ಸೀಮೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿನವರಿಂದ ಏಟು ತಿಂದು ಮುಂದಿನ ಹಲ್ಲು ಕಳೆದುಕೊಂಡು ಬಂದವನು ಅವನು, ಅದಕ್ಕೇ ಆ ಹೆಸರು.

“ಮೇಲ್ಸೀಮೇಲಿ ಯಾಕೆ ಎರಡೇ ಗೊತ್ತೇನ್ರೋ? ಅಲ್ಲಿ ಬಂದೂಕಿಲ್ಲ, ದೊಣ್ಣೆ. ಅಲ್ಲಿನವ್ರೇನು ದೇವ್ರಲ್ಲ. ಆದ್ರೆ ದೊಣ್ಣೆ ಎತ್ತಿದ್ರೆ ಓಡೋಕಾದ್ರೂ ಟೈಮ್ ಸಿಗುತ್ತೆ. ನಾನು ಓಡ್ದೆ. ಹಲ್ಲು ಓಡ್ಲಿಲ್ಲ.”

ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ.

“ಆ ಒಂಬತ್ತು ನಾವು ಮಾಡಿದ್ದಲ್ಲ ಕಣ್ರೋ,” ಅಂದಳು. “ನಾವು ಕೊಲೆಯಾಗಿದ್ದು. ಇಟ್ಟಿಗೆಗೂಡಿನ ತಾತನ ಹೆಣ ಹೊತ್ತಿದ್ದು ಯಾರು? ನೀನೇ. ಕುಂಟ ಟೈಲರ್‌ನ ಹೊತ್ತಿದ್ದು? ಇವ್ನೇ. ನನ್ನ ತಮ್ಮನ್ನ?”

ಅವಳ ತಮ್ಮನನ್ನು ಎಲ್ಲರೂ ಹೊತ್ತಿದ್ದೆವು.

ಅವನನ್ನು ಸಿಳ್ಳೆ ಅಂತ ಕರೆಯುತ್ತಿದ್ದೆವು. ಕಂಬದ ತುದಿಯಲ್ಲಿ ಕೂತು ಹಗ್ಗ ಬಿಗಿಯುವಾಗ, ಉಣ್ಣಲು ಬರುವಾಗ, ಬೈಸಿಕೊಳ್ಳುವಾಗ ಕೂಡ ಸಿಳ್ಳೆ. ಮೇಸ್ತ್ರಿ ಬೈದರೆ ಅದೇ ಏರಿಳಿತದಲ್ಲಿ ಬೈಗುಳವನ್ನು ಸಿಳ್ಳೆಯಲ್ಲೇ ವಾಪಸ್ಸು ಕೊಡುತ್ತಿದ್ದ. ಒಂದು ಸಂಜೆ ಹಣ್ಣಿನ ತೋಟದ ಬೇಲಿಯ ಪಕ್ಕದ ದಾರಿಯಲ್ಲಿ ಸಿಳ್ಳೆ ಹಾಕಿಕೊಂಡು ಮನೆಗೆ ಬರುತ್ತಿದ್ದ. ತೋಟದ ಧಣಿ ಗುಂಡು ಹಾರಿಸಿದ. ಕಾಡುಹಂದಿ ಅಂದುಕೊಂಡೆ ಅಂತ ಠಾಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಹೇಳಿದ. ಸಿಳ್ಳೆ ಹಾಕುವ ಹಂದಿ! ಅದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ, ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ. ಅಕ್ಕ ಠಾಣೆಯ ಮೆಟ್ಟಿಲು ಬಿಟ್ಟು ಏಳದೆ ಕೂತಿದ್ದಕ್ಕೆ ಕೊಲೆ ಅಂತ ಬರೆದುಕೊಂಡರು. ಮಾಡಿದವರು ಸಿಕ್ಕಿಲ್ಲ ಅಂತಲೂ ಬರೆದುಕೊಂಡರು.

“ಶೆಡ್ಡು ಕಿತ್ರೆ ಕೀಳ್ಲಿ. ಇನ್ನೊಂದು ಊರು, ಇನ್ನೊಂದು ಶೆಡ್ಡು,” ಅಂದಳು ಅಕ್ಕ. “ಆದ್ರೆ ಸತ್ತ ನನ್ನ ತಮ್ಮನ್ನ ಕೊಲೆಗಾರರ ಸಾಲಲ್ಲಿ ನಿಲ್ಲಿಸ್ತಾರಲ್ಲ, ಅದೂ ನನ್ನ ಕೈಲೇ ಬರೆಸಿ. ಹೊಟ್ಟೆ ಉರಿಯುತ್ತೆ ಕಣೋ.”

ಊಟ ಮುಗಿಯುವ ಹೊತ್ತಿಗೆ ಸಭೆ ಕರೆದಿದ್ದ ನಾಯಕರ ಕಾರ್ಯದರ್ಶಿ ಬಂದ. ಇಸ್ತ್ರಿ ಮುರಿಯದ ಅಂಗಿ, ಮೂಗಿಗೆ ಕರವಸ್ತ್ರ. ಹಲಗೆಯನ್ನು ಮೇಲಿಂದ ಕೆಳಗೆ ಓದಿ ತಲೆದೂಗಿದ.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. “ಸ್ವಾಮಿ, ಒಂದು ಅನುಮಾನ. ಹೊರಗಿನವರ ಕೊಲೆ ಅಂದ್ರೆ ಹೊರಗಿನವರು ಮಾಡಿದ್ದೋ, ಹೊರಗಿನವರನ್ನ ಮಾಡಿದ್ದೋ?”

“ನಿಂಗ್ಯಾಕೋ ಅದು?”

“ಅಲ್ಲ, ಕೋಳಿ ಕಳ್ಳತನ ಅಂತೀವಿ. ಕೋಳಿ ಬಂದು ಕದ್ಕೊಂಡು ಹೋಯ್ತು ಅಂತಾನಾ?”

ಅವನು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದ. ನಕ್ಕ ಕೂಡ. “ಪೊಲೀಸರ ಪಟ್ಟಿಯಲ್ಲೇ ಹಾಗಿದೆ. ನಾವು ಒಂದಕ್ಷರ ಮುಟ್ಟಿಲ್ಲ. ಜನ ಹ್ಯಾಗೆ ಬೇಕೋ ಹಾಗೆ ಓದ್ಕೋತಾರೆ. ಇದು ಸುಳ್ಳಲ್ಲ ಕಣೋ, ವ್ಯಾಕರಣ.”

ಆಮೇಲೆ ಅಕ್ಕನ ಕಡೆ ತಿರುಗಿದ. “ನೀನೇನಾ ಬರೆಯೋಳು? ಸಾಹೇಬ್ರು ‘ಎಷ್ಟು?’ ಅಂದಾಗ ಎಲ್ಲರ ಎದುರಿಗೆ ಒಂಬತ್ತು ಅಂತ ಬರೀಬೇಕು. ಹೊರಗಿನವಳ ಕೈಲೇ ಬರೆಸಿದ್ರೆ ಅದರ ಖದರೇ ಬೇರೆ. ಸೀರೆ ಇದೇ ಇರ್ಲಿ, ಹರಕಲು ಚೆನ್ನಾಗಿ ಕಾಣುತ್ತೆ.”

ಅಕ್ಕ ತಲೆಯಾಡಿಸಿದಳು.

ಸಂಜೆ ಮೈದಾನ ತುಂಬಿತು. ವೇದಿಕೆಯ ಮೇಲೆ ಸಾಲು ಕುರ್ಚಿ. ಬಂದೂಕಿನ ಪರವಾನಗಿ ಇರುವ ದೊಡ್ಡವರೆಲ್ಲ ಜನರಿಗೆ ಮುಖ ಮಾಡಿ, ಹಲಗೆಗೆ ಬೆನ್ನು ಹಾಕಿ ಕೂತಿದ್ದರು. ನಡುವಿನ ಕುರ್ಚಿಯಲ್ಲಿ ತೋಟದ ಧಣಿ. ಅವನ ಬೆನ್ನಿಗೂ ನಾನು ಹಿಡಿದಿದ್ದ ಏಣಿಗೂ ಮಧ್ಯೆ ಒಂದು ಮಾರು ಜಾಗವೂ ಇರಲಿಲ್ಲ. ಗಾಳಿಗೆ ಹಲಗೆ ಬೀಳದಂತೆ ನಮ್ಮವರು ಹಿಂದಿನಿಂದ ಒತ್ತಿ ನಿಂತಿದ್ದರು. ಜನರಿಗೆ ಕಾಣುತ್ತಿದ್ದದ್ದು ಅವರ ಪಾದಗಳು ಮಾತ್ರ.

ನಾಯಕರು ಮೈಕಿಗೆ ಬಾಯಿ ಹಚ್ಚಿ ಗುಡುಗಿದರು. “ಹೊರಗಿನವರ ಕೊಲೆ! ಮೇಲ್ಸೀಮೇಲಿ ಎರಡು! ಕೆಳಸೀಮೇಲಿ ನಾಲ್ಕು! ನಮ್ಮ ಸೀಮೇಲಿ? ಬರಿಯಮ್ಮಾ, ಎಷ್ಟು?”

ಅಕ್ಕ ಒಂಬತ್ತು ಬರೆದಳು. ನನ್ನ ತೋಳಿನಷ್ಟು ಉದ್ದದ ಒಂಬತ್ತು. ಜನ ಹೋ ಅಂದರು. ನಾಯಕರು ಒಮ್ಮೆ ಹಿಂತಿರುಗಿ ನೋಡಿ, ತೃಪ್ತಿಯಾಗಿ, ಮತ್ತೆ ಜನರ ಕಡೆ ತಿರುಗಿದರು.

ಅಕ್ಕ ಇಳಿಯಲಿಲ್ಲ. ಎರಡು ಮೆಟ್ಟಿಲು ಕೆಳಗೆ ಬಂದು ಕುಂಚವನ್ನು ಮತ್ತೆ ಅದ್ದಿದಳು. ಅವಳು ಏನು ಬರೆಯುತ್ತಾಳೆ ಅಂತ ನನಗೂ ಹೇಳಿರಲಿಲ್ಲ. ಒಂದೊಂದೇ ಅಕ್ಷರ ಮೂಡುತ್ತಾ ಹೋಯಿತು: ‘ಮಾಡಿದವರು ಯಾರು?’

ಮೈದಾನದ ಗದ್ದಲ ನಿಂತಿತು. ಸಾವಿರ ಜನ ಬಾಯಿ ಅಲ್ಲಾಡಿಸುತ್ತಾ ಓದುತ್ತಿದ್ದರು. ನಾಯಕರಿಗೆ ತಮ್ಮ ಮಾತೇ ನಾಟಿತು, ನಮ್ಮನ್ನು ಕಾಯುವವರು ಯಾರು ಅಂತ ಜನ ಕೇಳುತ್ತಿದ್ದಾರೆ ಅನ್ನಿಸಿರಬೇಕು, ಮೈಮೇಲೆ ಬಂದವರಂತೆ ಎದೆ ತಟ್ಟಿಕೊಂಡರು.

“ಯಾರು? ಯಾರು ಅಂತ ತಾನೆ? ನಿಮ್ಮ ಕಣ್ಣಲ್ಲೇ ಕಾಣ್ತಿದೆ ಆ ಪ್ರಶ್ನೆ! ಬೇರೆ ಯಾರೂ ಅಲ್ಲ, ನಾನು! ನನ್ನ ಹಿಂದೆ ಕೂತಿದಾರಲ್ಲ ಗಂಡುಗಲಿಗಳು, ಇವ್ರು! ಕೈಯೆತ್ರಪ್ಪಾ, ಜನ ನೋಡ್ಲಿ!”

ಕುರ್ಚಿಯ ಮೇಲಿದ್ದವರೆಲ್ಲ ಕೈ ಎತ್ತಿದರು. ತೋಟದ ಧಣಿ ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ.

ಮೊದಲು ಯಾರೋ ಒಬ್ಬ ಕೊನೆಯ ಸಾಲಿನಲ್ಲಿ ಪಕ್ಕನೆ ನಕ್ಕ. ಆಮೇಲೆ ನಗು ಒಡ್ಡು ಒಡೆದು ಬಂತು. ನಮ್ಮನ್ನು ಓಡಿಸಲು ಬಂದವರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾಯಕರು ಏನೂ ತಿಳಿಯದೆ ತಾವೂ ಸ್ವಲ್ಪ ನಕ್ಕರು.

ಮೇಸ್ತ್ರಿ ಬಗ್ಗಿಕೊಂಡು ಓಡಿಬಂದು ಏಣಿಗೆ ಕೈಹಾಕಿದ. “ಎಳಿಯೋ ಏಣಿ! ಇಳಿಯೇ ಹಲ್ಕಾ ಮುಂಡೇ!”

ನಾನು ಏಣಿಯನ್ನು ಎದೆಗೆ ಅವುಚಿಕೊಂಡೆ. “ಬಣ್ಣ ಒಣಗಿಲ್ಲ ಮೇಸ್ತ್ರಿ. ಒಣಗೋವರೆಗೂ ಇಳೀಬಾರ್ದು ಅಂತ ನೀವೇ ಅಂದ್ರಲ್ಲ.”

ಅವನು ನನ್ನ ಕೆನ್ನೆಗೆ ಬಾರಿಸಿದ. ಕಣ್ಣಲ್ಲಿ ನೀರು ಬಂತು, ಆದರೂ ಏಣಿ ಬಿಡಲಿಲ್ಲ. ಆಗಲೇ ಹಲಗೆಯ ಹಿಂದಿನಿಂದ ಸದ್ದು ಬಂದದ್ದು. ಮೊದಲು ಬರೀ ಪುಸ್ ಪುಸ್ ಗಾಳಿ. ದೊಣ್ಣೆಮಾವನ ಹಲ್ಲಿಲ್ಲದ ಬಾಯಿ. ನಂತರ ಒಂದು ಸಿಳ್ಳೆ. ಇನ್ನೊಂದು. ಆ ಏರಿಳಿತ ನಮಗೆಲ್ಲ ಬಾಯಿಪಾಠವಾಗಿತ್ತು. ಹಲಗೆ ಒತ್ತಿ ನಿಂತಿದ್ದವರೆಲ್ಲ ಒಟ್ಟಿಗೆ ಸಿಳ್ಳೆ ಹಾಕುತ್ತಿದ್ದರು.

ತೋಟದ ಧಣಿ ಎತ್ತಿದ ಕೈಯನ್ನು ಇಳಿಸಿದ. ನಿಧಾನವಾಗಿ ಎದ್ದು ಹಿಂದೆ ತಿರುಗಿದ. ಹಲಗೆ ಓದಿದ. ಅವನ ಕೈ ಸೊಂಟದ ಪಿಸ್ತೂಲಿನ ಕಡೆಗೆ ಹೋಯಿತು.

“ಏನ್ರೀ ಅದು ಸದ್ದು? ಏನಿದೆ ಅಲ್ಲಿ ಹಿಂದೆ?” ನಾಯಕರ ದನಿ ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿಸಿತು.

ಅಕ್ಕ ಏಣಿಯ ಮೇಲಿಂದ ಧಣಿಯ ಕೈಯನ್ನೇ ನೋಡುತ್ತಿದ್ದಳು.

“ಹಂದಿಗಳು, ಸ್ವಾಮಿ,” ಅಂದಳು. ಮತ್ತೆ ಹಲಗೆಯ ಕಡೆ ತಿರುಗಿ ಬಣ್ಣ ಊದತೊಡಗಿದಳು.