ಡ್ರೋನಿಗೆ ಹಿಡಿದ ಕೊಡೆ

ಬಸವಲಿಂಗ ಸಾವುಕಾರರು ಕೊಡೆ ಬಿಚ್ಚಿ ಹಿಡಿದದ್ದು ಡ್ರೋನಿಗೆ. ಅವರದೇ ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಆರು ಹೆಂಗಸರಿಗಲ್ಲ. ಆ ಆರು ಜನರಲ್ಲಿ ಒಬ್ಬಳು ನನ್ನ ಅವ್ವ, ಗಾಳೆಮ್ಮ. ಹಾಗಂತ ನಾನು ಸಾವುಕಾರರಿಗೆ ಹೇಳಿರಲಿಲ್ಲ. ನಾಚಿಕೆಯಾಗಿತ್ತು.

ನಾನು ಡ್ರೋನಿನಿಂದ ಭತ್ತಕ್ಕೆ ಔಷಧಿ ಹೊಡೆಯುವವನು. ಸಿಂಧನೂರಿನಿಂದ ಬೆಳಗ್ಗೆಯೇ ಗೊರೇಬಾಳಕ್ಕೆ ಬಂದಿದ್ದೆ. ಮಾರ್ಚ್ ತಿಂಗಳ ಬಿಸಿಲು. ಮಧ್ಯಾಹ್ನಕ್ಕೆ ಬ್ಯಾಟರಿ ಕಾದು ರಿಮೋಟಿನ ಪರದೆ ಕೆಂಪಗಾಯಿತು. ಇಳಿಸಿದೆ. ಅರ್ಧ ತಾಸು ಆರಬೇಕು ಎಂದೆ. ಸಾವುಕಾರರು ಕೂಡಲೇ ಒಪ್ಪಿದರು. ಪಾಪ, ಕಾದಿದೆ ಎಂದು ಕಾರಿನಿಂದ ಕೊಡೆ ತಂದರು, ಒದ್ದೆ ಗೋಣಿಚೀಲ ಹಾಸಿಸಿದರು.

ಅದೇ ಸಾವುಕಾರರನ್ನು ಅವ್ವ ಆಗಲೇ ಕೇಳಿದ್ದಳು, ತಲೆ ಸುತ್ತುತ್ತಿದೆ, ಬೇವಿನ ಗಿಡದ ಕೆಳಗೆ ಸ್ವಲ್ಪ ಕೂತು ಬರುತ್ತೇವೆ ಎಂದು. ಕೂರುವವರು ಮನೆಯಲ್ಲೇ ಕೂರಲಿ, ನಾಳೆಯಿಂದ ಬರುವುದು ಬೇಡ ಎಂದಿದ್ದರು. ಅವ್ವ ಮತ್ತೆ ಬಗ್ಗಿದಳು. ನಾನು ರಿಮೋಟು ಹಿಡಿದು ಸುಮ್ಮನಿದ್ದೆ. ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಈಗ ಅವಳು ಬದುವಿಗೆ ಕೈ ಊರಿ ನಿಂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಸಾವುಕಾರ್ರ, ಆ ಹೆಣ್ಮಕ್ಳಿಗೂ ಬಿಸ್ಲು ಹತ್ಯಾದ್ರಿ," ಎಂದೆ.

"ಇದು ಮಿಷನ್ನಪ್ಪ, ತಡ್ಕಳಂಗಿಲ್ಲ. ಅವ್ರು ಮನುಷ್ಯರು, ತಡ್ಕಂತಾರ."

ತಡೆದುಕೊಳ್ಳುವುದೇ ಮನುಷ್ಯರ ಗುರುತಂತೆ! ಕಾದ ಯಂತ್ರ ಎಷ್ಟು ಬೈದರೂ ಏಳುವುದಿಲ್ಲ. ಅವ್ವ ಬೈದರೆ ಏಳುತ್ತಾಳೆ. ಇವರ ಕಣ್ಣಿಗೆ ಇರುವ ವ್ಯತ್ಯಾಸ ಅಷ್ಟೇ.

ಬ್ಯಾಟರಿ ಆರಿತು, ಪರದೆ ಹಸಿರಾಯಿತು. ಯಾವಾಗ ಏಳುತ್ತದೆ ಎಂದು ಸಾವುಕಾರರು ಕೇಳಿದರು. ನಾನು ರಿಮೋಟನ್ನು ಎದೆಗವಚಿಕೊಂಡು ಸುಳ್ಳು ಹೇಳಿದೆ.

"ಮಿಷನ್ ಒಲ್ಲೆ ಅನ್ನಾಕತ್ಯಾದ್ರಿ. ಬಾಜೂಕ ಮಂದಿ ಇದ್ರ ಏಳಂಗಿಲ್ಲ. ಹೊಡದು ಮುಗಿಯೋತನ ಅವ್ರು ಗಿಡದ ಕೆಳಗ ಇರ್ಬೇಕು."

ಬೆಳಗ್ಗೆಯಿಂದ ಹೇಗೆ ಹಾರಿತು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಯಂತ್ರ ಹೇಳಿತು ಎಂದ ಮೇಲೆ ಮುಗಿಯಿತು. ಸಾವುಕಾರರು ತಾವೇ ಬದುವಿನ ಮೇಲೆ ಓಡಿ, ಹೆಂಗಸರನ್ನು ಕರೆದು ಬೇವಿನ ನೆರಳಿಗೆ ಕೂರಿಸಿದರು.

ನೀರು ಕೊಡಲು ಹೋದಾಗ ಅವ್ವ, ಸಾವುಕಾರ ಹೇಗೆ ಬಿಟ್ಟ ಎಂದು ಕೇಳಿದಳು. ಮಿಷನ್ ಕೇಳಿತು, ಅದಕ್ಕೇ ಬಿಟ್ಟ ಎಂದೆ.

ಅವ್ವ ನೀರು ಕುಡಿದು ಚೊಂಬು ಕೆಳಗಿಟ್ಟಳು.

"ನಾವೂ ಕೇಳಿದ್ವಲ್ಲೋ ಶಿವರಾಜ," ಎಂದಳು. "ನೀನೂ ಅಲ್ಲೇ ಇದ್ದಿ."