ಜೋಡಿ ಅಗಲದ ಸ್ಪೀಕರುಗಳು

ದಿಲ್ಲಿಯ ಫಾಲ್ಗುಣವೆಂದರೆ ಅದೊಂದು ಅಲ್ಪಾಯುಷಿ ಸೌಭಾಗ್ಯ! ಮಂಜಿನ ಮುಸುಕನ್ನು ಸರಿಸಿ ಬಂದ ಹೊಂಬಿಸಿಲು ಆರ್.ಕೆ.ಪುರಂನ ಸರ್ಕಾರಿ ವಸತಿಗಳ ಮೇಲೆ ಮೃದುವಾಗಿ ಹರಡಿತ್ತು. ಬೂರುಗದ ಮರಗಳು ಎಲೆಯುದುರಿದ ಕೊಂಬೆಗಳಲ್ಲಿ ರಕ್ತವರ್ಣದ ಹೂಗಳನ್ನು ಹೊತ್ತು, ಯಾರದೋ ಆಗಮನಕ್ಕೆಂಬಂತೆ ನಿಂತಿದ್ದವು... ಆದರೆ, ಸಹೃದಯರೇ, ಆ ಬೆಳಕು ತುಂಬಿದ ಕೋಣೆಯೊಳಗೆ ಅಮಿತಾ ಅಗಲಿಕೆಗೆ ಸಿದ್ಧಳಾಗುತ್ತಿದ್ದಳು.

ತಂದೆ ಅನಂತರಾಮರು ತೀರಿಕೊಂಡ ಮೇಲೆ ಅವರ ಹೆಸರಿನ ಈ ಸರ್ಕಾರಿ ಮನೆಯನ್ನು ಬಿಟ್ಟುಕೊಡಲೇಬೇಕಿತ್ತು. ಮುನಿರ್ಕಾದಲ್ಲಿ ಅವಳು ಹಿಡಿದ ಬಾಡಿಗೆ ಕೋಣೆಯಲ್ಲಿ ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲ. ಸೊಂಟದೆತ್ತರದ ಆ ಎರಡು ಹಳೆಯ ಸ್ಪೀಕರುಗಳಿಗೆ ಎಡೆಯೆಲ್ಲಿ? ಅವುಗಳ ತೇಗದ ಮೈಗೆ ತಂದೆ ತಪ್ಪದೆ ಎಣ್ಣೆ ಸವರಿ, ಮಗಳಿಗಿಂತ ಮುದ್ದಾಗಿ ಸಾಕಿದ್ದರು! "ಮಾರಿದರೂ ಜೋಡಿ ಅಗಲಿಸಬೇಡ ಮಗಳೇ" ಎಂಬುದೊಂದೇ ಅವರ ಕೊನೆಯ ಆಸೆ.

ಕನ್ನಡ ಸಂಘದ ಫಲಕದಲ್ಲಿ ಅವಳ ಜಾಹೀರಾತು ಕಂಡು ಬಂದವನು ಮಹಂತೇಶ್. ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಕೇಂದ್ರದಲ್ಲಿ ಇತಿಹಾಸ ಕಲಿಸುವವನು. ಎಲ್ಲರೂ ಕಂಪ್ಯೂಟರಿನಲ್ಲೇ ಹಾಡು ಕೇಳತೊಡಗಿದ್ದ ಆ ದಿನಗಳಲ್ಲಿ ಇವನೊಬ್ಬ ವಿಚಿತ್ರ ಗಿರಾಕಿ! ಅಮಿತಾ ವೀಣೆ-ಮೃದಂಗದ ರೆಕಾರ್ಡು ಹಾಕಿದರೆ, ಅವನು ನಡುವಿನ ಕುರ್ಚಿಯನ್ನು ಎಡದ ಸ್ಪೀಕರಿನ ಬಳಿಗೆಳೆದು, ಮುಖ ಓರೆಮಾಡಿ ಕುಳಿತ. ಬಲದ್ದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಇವನು ಪರೀಕ್ಷಿಸುತ್ತಿರುವುದಾದರೂ ಏನನ್ನು? ಒಲೆಯ ಮೇಲಿನ ಹಾಲಿನಂತೆ ಅವಳ ಕುತೂಹಲ ಉಕ್ಕತೊಡಗಿತು.

"ಇದೊಂದನ್ನೇ ಕೊಡ್ತೀರಾ?" ಎಂದನವನು.

"ಅಚ್ಛಾ! ಒಂದೇ ಚಪ್ಪಲಿ ಕೊಳ್ಳೋರನ್ನ ನೋಡಿದೀರಾ ನೀವು?" ಅವಳು ಸಿಡುಕಿದಳು. "ಜೋಡಿ ಮುರಿಯೋದಾದರೆ ನಾನು ಮಾರೋದೇ ಇಲ್ಲ."

ಅವನು ಸಂಕೋಚದಿಂದ ನಕ್ಕ. "ತಪ್ಪು ತಿಳೀಬೇಡಿ. ನನ್ನ ಬಲಗಿವಿ ಚಿಕ್ಕಂದಿನಲ್ಲೇ ಹೋಯ್ತು. ಸ್ಪೀಕರು ಎರಡಿದ್ದರೂ, ಯಾವ ನಾದ ಯಾವ ಕಡೆಯಿಂದ ಬರುತ್ತೆ ಅಂತ ನನಗೆ ತಿಳಿಯೋದಿಲ್ಲ."

ಅವಳ ಕೋಪವೆಲ್ಲ ಕರಗಿ ನೀರಾಯಿತು. ಕುರ್ಚಿಯನ್ನು ಮತ್ತೆ ನಡುವಿಗೆ ತಂದು, "ಕಣ್ಣು ಮುಚ್ಚಿ" ಎಂದಳು. ಅವನ ಬೆರಳುಗಳನ್ನು ಮೆಲ್ಲನೆ ಹಿಡಿದು ಎಡಕ್ಕೆ ಚಾಚಿದಳು. "ವೀಣೆ ಇಲ್ಲಿ ಕೂತಿದೆ." ಬಲಕ್ಕೆ ತಿರುಗಿಸಿದಳು. "ಮೃದಂಗ ಇಲ್ಲಿ... ಈಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗ್ತಿದ್ದಾರೆ. ಕೇಳಿಸ್ತಾ?"

"ಕಾಣಿಸ್ತು..." ಎಂದನವನು, ಕಣ್ಣು ಮುಚ್ಚಿಕೊಂಡೇ. "ಎರಡನ್ನೂ ಒಯ್ತೀನಿ. ಆದರೆ ಯಾರು ಎಲ್ಲಿ ಕೂತಿದ್ದಾರೆ ಅಂತ ಹೇಳೋಕೆ ಭಾನುವಾರ ನೀವು ನಮ್ಮನೆಗೆ ಬರಬೇಕು."

ಅವಳು ಹೋದಳು. ಅಲ್ಲಿ ಅವನ ಬಲಕ್ಕೆ ತನಗೆಂದು ಹಾಕಿದ್ದ ಕುರ್ಚಿಯನ್ನು, ಯಾರೂ ಹೇಳದೆಯೇ, ಎತ್ತಿ ಎಡಕ್ಕೆ ಇಟ್ಟುಕೊಂಡಳು. ಒಬ್ಬರ ಕೊರತೆಯನ್ನು ಅರಿತು ಇನ್ನೊಬ್ಬರು ತಮ್ಮ ಕುರ್ಚಿಯನ್ನು ಸರಿಸಿಕೊಳ್ಳುವುದನ್ನೇ ಜಗತ್ತು ಒಲವೆಂದು ಕರೆಯುತ್ತದೋ ಏನೋ!