ಸೀಸೆಯೊಳಗಿನ ಎಂಜಲು

ನನ್ನ ಎಂಟು ವರ್ಷದ ಮಗಳು ಶಾಂತಕುಮಾರಿಗೆ ಫಿಟ್ಸ್. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಒಂದು ಹೊತ್ತೂ ತಪ್ಪಿಸದೆ ಕೊಟ್ಟವಳು ನಾನು. ಆದರೂ ಎಂಬತ್ತೈದರ ಬೇಸಿಗೆಯಲ್ಲಿ ಮತ್ತೆ ಫಿಟ್ಸ್ ಬಂತು. ತಿಪಟೂರಿನ ಡಾಕ್ಟರ್ ಬಸವರಾಜಪ್ಪ ಒಂದು ಸೀಸೆ ಕೊಟ್ಟರು. ಮೈಗೆ ಔಷಧಿ ಹಿಡಿದಿದೆಯೋ ಇಲ್ಲವೋ ಎಂಜಲಿನಲ್ಲೇ ಗೊತ್ತಾಗುತ್ತದಂತೆ, ಸೂಜಿ ಚುಚ್ಚಬೇಕಿಲ್ಲವಂತೆ. ಬೆಳಿಗ್ಗೆ ಉಗುಳಿಸಿ ತಂದರೆ ಬೆಂಗಳೂರಿಗೆ ಕಳಿಸುತ್ತೇನೆ ಅಂದರು.

ಮಗಳಿಂದ ಉಗುಳಿಸಿ, ಸೀಸೆಯನ್ನು ಜಗಲಿಯ ಮೇಲಿಟ್ಟು, ಸೀರೆ ಬದಲಾಯಿಸಿ ಬಂದೆ. ನಮ್ಮೂರು ಬಿಳಿಗೆರೆಯಿಂದ ಬಸ್ಸು ಹಿಡಿದು ಕೊಟ್ಟುಬಂದೆ.

ಬೆಂಗಳೂರಿನಿಂದ ಉತ್ತರ ಬಂತು. ಎಂಜಲಿನಲ್ಲಿ ಔಷಧಿಯ ಸುಳಿವೇ ಇಲ್ಲ!

"ಮಾತ್ರೆ ಕೊಡ್ತಾನೇ ಇಲ್ಲ ನೀವು. ಸುಳ್ಳು ಹೇಳ್ಬೇಡಿ ಕಣಮ್ಮ," ಎಂದರು ಡಾಕ್ಟರು.

ನಾನು ಬಾಯಿ ತೆರೆಯುವ ಮೊದಲೇ ನಮ್ಮನೆಯವರು, "ಇವ್ಳ ಬುದ್ಧಿನೇ ಇಷ್ಟು ಸಾರ್. ಇನ್ಮೇಲೆ ನಾನೇ ಕೊಡ್ತೀನಿ ಬುಡಿ" ಅಂದರು. ಈ ಮಹಾರಾಯರಿಗೆ ಕಟ್ಟಿಕೊಂಡ ಹೆಂಡತಿಗಿಂತ ಒಂದು ಸೀಸೆ ಹೆಚ್ಚಾಯಿತು!

ಕೊಟ್ಟರು. ತಪ್ಪಿಹೋದದ್ದನ್ನು ತುಂಬಿಸಬೇಕೆಂದು, ಡಾಕ್ಟರನ್ನೂ ಕೇಳದೆ, ಹೊತ್ತಿಗೆ ಎರಡೆರಡು ಕೊಟ್ಟರು. ಮಗು ಬೇಡವೆಂದು ಅತ್ತರೆ ದವಡೆ ಅದುಮಿ ನುಂಗಿಸಿದರು. ತಡೆಯಲು ಹೋದರೆ, "ಸುಮ್ಕಿರೇ, ನೀನ್ ಮಾಡಿದ್ ಘನಂದಾರಿ ಸಾಕು" ಎಂದು ನನ್ನನ್ನೇ ತಳ್ಳಿದರು.

ಮಗು ತೂರಾಡತೊಡಗಿತು. ಕಣ್ಣುಗುಡ್ಡೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕೊಬ್ಬರಿ ಅಟ್ಟದ ಕೆಳಗೆ ಅದು ಕುಸಿದು ಬಿದ್ದಾಗ ಅತ್ತೆ ಶಿವರುದ್ರಮ್ಮ ಬಾಯಿ ಬಡಿದುಕೊಂಡರು.

"ಅಯ್ಯೋ, ಆ ಸೀಸೇಲಿದ್ದಿದ್ದು ನನ್ ಎಂಜ್ಲು ಕಣಪ್ಪ! ಹೆಣ್ ಮಗೀನ ಎಂಜ್ಲು ಕಂಡೋರ ಕೈಗೆ ಸಿಕ್ರೆ ಮಾಟ ಮಾಡ್ಸಲ್ವಾ? ಅವಳ್ದು ತೆಂಗಿನ ಬುಡಕ್ಕೆ ಚೆಲ್ಲಿ ನಾನೇ ಉಗ್ದಿಟ್ಟೆ."

ಉದುರಿದ ಕೂದಲು, ಕತ್ತರಿಸಿದ ಉಗುರು ಕೂಡ ಯಾರಿಗೂ ಸಿಗದಂತೆ ಹೂಳುವವರು ನಮ್ಮತ್ತೆ. ಅವರ ಭಯ ನನಗೆ ಗೊತ್ತು. ಆದರೆ ಇಷ್ಟು ದಿನ ನಾನು ಸುಳ್ಳಿ ಅನ್ನಿಸಿಕೊಳ್ಳುವಾಗ ಬಾಯಿಗೆ ಏನು ತುರುಕಿಕೊಂಡಿದ್ದರು? ಅದನ್ನೇ ಅವರ ಮುಖಕ್ಕೆ ಕೇಳಿದೆ.

"ಬುಡು, ವಯಸ್ಸಾದೋರು, ತಿಳೀದೆ ಮಾಡವ್ರೆ," ಅಂದರು ಇವರು.

"ಅವ್ರಿಗೆ ತಿಳೀದು, ಸರಿ. ನಿಮಗೇನು ಬಂದಿತ್ತು ರೋಗ? ನನ್ನ ಒಂದು ಮಾತು ಕೇಳಿದ್ರಾ?" ಬೀದಿಯವರಿಗೆಲ್ಲ ಕೇಳಲಿ ಎಂದೇ ಕಿರುಚಿದೆ.

ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ ಉಳಿಸಿದರು. ಸುಧಾರಿಸಿದ ಮೇಲೆ, ಮೊದಲಿನಂತೆ ಒಂದೊಂದೇ ಶುರು ಮಾಡಿ, ಬಿಟ್ಟರೆ ಮತ್ತೆ ಫಿಟ್ಸ್ ಬರುತ್ತದೆ ಎಂದರು.

ಮನೆಗೆ ಬಂದು ಮಾತ್ರೆ ಹಿಡಿದು ಪಕ್ಕದಲ್ಲಿ ಕೂತೆ. ಶಾಂತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಾನು ಕಣೇ, ಅವ್ವ," ಅಂದೆ.

ಅವಳು ಕೈ ತೆಗೆಯಲಿಲ್ಲ.